ಗಾಜಿನ ಮೇಲಿನ ಸಂಡಗಿ

ಶಾಣ್ಯಾ ಮಂದಿ ಇದ್ದಲ್ಲಿ ನಗುವಿಗೆ ಕಡಿಮೆ ಇಲ್ಲ. ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಗಂಟೆ ಹೊಡೆಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಮಿಸ್ಟ್ರಿ ಲ್ಯಾಬಿಗೆ ಅಟೆಂಡರ್ ಮಾಡಿದರು. ನಗು ಅಲ್ಲಿಂದ ಸುರು.

ಬಾಗಿಲು ಕಾಯುವ ಪೊರೆ

ಲ್ಯಾಬಿನ ಸರ್ ಬಾಗೇವಾಡಿ ಕಡೆಯವರು. ಎರಡು ನಮೂನೆ ಅಂಟು, ಒಂದು ಬಿಳಿ ಪುಡಿ ಕೂಡಿಸಿ ಗಾಜಿನ ಮೇಲೆ ಹೊಯ್ದು ಒಣಗಿಸುತ್ತಿದ್ದರು. ತೆಳ್ಳಗಿನ ಪೊರೆ ಆಗುತ್ತಿತ್ತು.

"ಇದು ಎದಕ್ರಿ ಸರ್?"

"ಕರೆಂಟ್ ತಗಿಯಾಕ. ಈ ಕಡೆ ಮೆಥನಾಲ್ ನೀರು, ಆ ಕಡೆ ಗಾಳಿ, ನಡುವ ಈ ಪೊರಿ. ಸಣ್ಣ ಪ್ರೋಟಾನ್ ಬಂದ್ರ ಬಿಡಬೇಕು. ದೊಡ್ಡ ಮೆಥನಾಲ್ ಬಂದ್ರ ತಡೀಬೇಕು."

"ಸಣ್ಣವ್ರನ್ನ ಬಿಟ್ಟು ದೊಡ್ಡವ್ರನ್ನ ತಡಿಯೂದಾ? ನಮ್ಮ ಕಾಲೇಜಿನ್ಯಾಗ ಅದು ಆಗೂ ಮಾತಲ್ಲ ಬಿಡ್ರಿ."

ಬೋರ್ಡು

ಮೆಥನಾಲ್ ಡಬ್ಬಿ ಬಂದ ದಿನ ಹೆಡ್ ಕ್ಲಾರ್ಕ್ ಮೂಗು ಹಿಡಿದುಕೊಂಡು ಬಂದ.

"ಇದು ದಾರೂ ಪೈಕಿನ ಅಲ್ರಿ?"

"ಪೈಕಿ ಹೌದು. ಆದ್ರ ವಿಷ. ಕಣ್ಣು ಹೋಗ್ತಾವು. ಯಾರೂ ಕುಡೀಬಾರದಂತ ಒಂದು ಬೋರ್ಡ್ ಬರಸ್ರಿ," ಅಂದರು ಸರ್.

ಮರುದಿನ ಬೋರ್ಡು ಬಂತು: "ಕಾಲೇಜಿನ ವೇಳೆಯಲ್ಲಿ ಮೆಥನಾಲ್ ಕುಡಿಯಬಾರದು."

ಸರ್ ಹಣೆ ಬಡಿದುಕೊಂಡರು. "ವೇಳೆ ಮುಗದ ಮ್ಯಾಲೇನ್ರಿ?"

"ಆಮ್ಯಾಲಿಂದು ಆಫೀಸಿಗೆ ಸಂಬಂಧ ಇಲ್ರಿ."

ಹರಿಯುವ ಪೊರೆ

ಮೂರನೇ ವರ್ಷ ಬೆಂಗಳೂರಿನಿಂದ ಕಾಗದ ಬಂತು. ಕಮಿಟಿ ಬರುತ್ತದೆ. ಕೆಲಸ ತೋರಿಸದಿದ್ದರೆ ಲ್ಯಾಬ್ ಬಂದ್. ನಾನು ಮತ್ತೆ ಗಂಟೆಗೆ.

ಹೆಂಡತಿ ಸತ್ತು ಎಂಟು ತಿಂಗಳಾಗಿತ್ತು. ಮನೆಯಲ್ಲಿ ಮಾತಿಲ್ಲ. ಗಂಟೆಯೂ ಮಾತಾಡುವುದಿಲ್ಲ. ನನಗಿದ್ದ ಮಾತೆಲ್ಲ ಆ ಲ್ಯಾಬಿನಲ್ಲೇ.

ಆದರೆ ಪೊರೆ ಗಾಜು ಬಿಡವಲ್ಲದು. ಸರ್ ಬ್ಲೇಡ್ ಹಾಕಿ ಎಬ್ಬಿಸಿದರೆ ಹರಿಯುತ್ತಿತ್ತು. ಆ ವಾರ ಹನ್ನೊಂದು ಹರಿದವು.

ನನಗೆ ನಮ್ಮಾಕಿ ನೆನಪಾದಳು. ಹಳೆ ಸೀರೆ ಮೇಲೆ ಸಂಡಗಿ ಹಾಕುತ್ತಿದ್ದಳು. ಒಣಗಿದ ಮೇಲೆ ಸೀರೆಗೆ ಒದ್ದೆ ಕೈ ಆಡಿಸಿ ಸುಮ್ಮನೆ ಕೂಡುತ್ತಿದ್ದಳು. ನಾನು ಜಗ್ಗಲು ಹೋದರೆ ಕೈಮೇಲೆ ಒಂದು ಏಟು. "ಜಗ್ಗಬ್ಯಾಡ್ರಿ. ತಾನ ಬಿಡತೈತಿ."

ಒದ್ದೆ ಅರಿವೆಯನ್ನು ಪೊರೆಯ ಅಂಚಿಗೆ ಒತ್ತಿ ಕುಂತೆ. ಚಹಾ ಕುಡಿಯುವಷ್ಟರಲ್ಲಿ ಇಡೀ ಪೊರೆ ಕೈಗೆ ಬಂತು.

"ಎಲ್ಲಿ ಕಲ್ತ್ಯೋ ಇದನ್ನ?"

"ನಮ್ಮಾಕಿ ಸಂಡಗಿ ಹಿಂಗ ಬಿಡಸ್ತಿದ್ಲ್ರಿ."

"ಮೂರು ವರ್ಷ ಸುಮ್ಮನ ನಿಂತು ನೋಡಿದೆಲ್ಲೋ ಮಾರಾಯಾ!"

"ನೀವು ಪೊರಿ ಅಂದ್ರಿ. ಸಂಡಗಿ ಅಂದಿದ್ರ ಅವತ್ತ ಹೇಳತಿದ್ದೆ."

ಕಮಿಟಿ

ಮೂವರು ಬಂದರು. ಸರ್ ಆ ಪೊರೆ ಕೂಡಿಸಿದ ಡಬ್ಬಿಗೆ ಮೆಥನಾಲ್ ನೀರು ಹೊಯ್ದರು. ಡಬ್ಬಿಗೆ ತಂತಿ ಕಟ್ಟಿದ ಬೆರಳುದ್ದದ ಫ್ಯಾನು ತಿರುಗಿತು.

ದೊಡ್ಡ ಸಾಹೇಬರು ಮೇಲೆ ನೋಡಿದರು. "ಸೀಲಿಂಗ್ ಫ್ಯಾನ್ ಗಾಳಿಗೆ ತಿರುಗುತ್ತಿದೆ ಕಣ್ರೀ ಇದು."

ಸರ್ ಮುಖ ಸುಣ್ಣ ಆಯಿತು. ಅಷ್ಟರಲ್ಲಿ ಸಿಂದಗಿಯ ಕರೆಂಟು ತನ್ನ ಪದ್ಧತಿ ಪ್ರಕಾರ ಹೋಯಿತು. ಮೇಲಿನ ಫ್ಯಾನು ನಿಂತಿತು. ಎಲ್ಲರೂ ಉಸಿರು ಹಿಡಿದು ಕೆಳಗಿನದನ್ನು ನೋಡಿದೆವು. ಅದು ತಿರುಗುತ್ತಲೇ ಇತ್ತು.

ಪೊರೆ ಹರಿಯದಂತೆ ಗಾಜಿನಿಂದ ಬಿಡಿಸಿದ್ದನ್ನು ಸರ್ ವಿವರಿಸಿದರು. ಸಾಹೇಬರು ಪೆನ್ನು ತೆಗೆದರು. "ಪೊರೆ ಬಿಡಿಸುವ ವಿಧಾನ ಯಾರದು?"

"ಇವನ ಹೆಂಡತೀದ್ರಿ. ತೀರಿಕೊಂಡಾಳ," ಅಂದರು ಸರ್.

ಸಾಹೇಬರು ನನ್ನ ಕಡೆ ತಿರುಗಿದರು. "ಪಾಪ. ಯಾವ ಲ್ಯಾಬಿನಲ್ಲಿ ಮಾಡುತ್ತಿದ್ದರು?"

"ಮಾಳಗ್ಯಾಗ್ರಿ," ಅಂದೆ. ನಮ್ಮ ಕಡೆ ಮಾಳಗಿ ಅಂದರೆ ಮನೆಯ ಛಾವಣಿ. ಸಂಡಗಿ ಒಣಗುವುದು ಅಲ್ಲೇ.

"ಓ, ಮಾಳಗಿ," ಅಂದು ಬರೆದುಕೊಂಡರು.

ತಿಂಗಳ ಮೇಲೆ ಕಾಗದ ಬಂತು. ಸರ್ ಓದಿದರು: "ಮಾಳಗಿ ಸಂಶೋಧನಾಲಯದ ದಿವಂಗತ ಡಾಕ್ಟರಮ್ಮನವರ ವಿಧಾನ ಉತ್ತಮವಾಗಿದೆ. ಲ್ಯಾಬ್ ಮುಂದುವರಿಯಲಿ."

ನಕ್ಕೂ ನಕ್ಕೂ ಸರ್ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ನಾನು ನಾಲ್ಕನೇತ್ತೆಗೆ ಸಾಲಿ ಬಿಟ್ಟವನು. ಆಕಿ ಎರಡನೇತ್ತೆಗೆ.

"ತಪ್ಪಾಗೈತಿ ಅಂತ ತಿದ್ದಿ ಬರಿಯೂಣೇನು?"

"ಬ್ಯಾಡ್ರಿ ಸರ್," ಅಂದೆ. "ನಮ್ಮ ಮನ್ಯಾಗ ಒಬ್ರಾದ್ರೂ ಕಲ್ತವ್ರು ಇರ್ಲಿ."