ಮೇಷ್ಟ್ರ ಕ್ಯಾನ್ವಾಸು, ಹೆಂಡತಿಯ ಹೊಲ

ಈ ಸಲ ಬಿಡುವ ಮಾತೇ ಇಲ್ಲ! ಗುಂಡ್ಲುಪೇಟೆ ಸೀಮೆಯ ಬೆಳಕನ್ನು ಕ್ಯಾನ್ವಾಸಿನ ಮೇಲೆ ಹಿಡಿದು ಕೂರಿಸಿಯೇ ತೀರುವುದೆಂದು ಡ್ರಾಯಿಂಗ್ ಮೇಷ್ಟ್ರು ಶಿವಮಲ್ಲು ಪಣ ತೊಟ್ಟರು. ಮಕ್ಕಳಿಂದ ಮಾವಿನಹಣ್ಣು, ಕೊಡೆ ಬರೆಸಿ ಬರೆಸಿ ಅವರ ಪ್ರತಿಭೆಗೆ ಗೆದ್ದಲು ಹತ್ತಿತ್ತು. ಈಗ ಇಂಪ್ರೆಶನಿಸ್ಟ್ ಶೈಲಿ! ಗೆರೆಯ ಹಂಗಿಲ್ಲ, ಬರೀ ಬಣ್ಣದ ಚುಕ್ಕೆ. ಬಾಗಿಲಿಗಿಂತ ದೊಡ್ಡ ಕ್ಯಾನ್ವಾಸೂ ಮನೆಗೆ ಬಂತು.

ಬರೆಯಲು ಹೊಲ ಬೇಕಲ್ಲ? ಹೆಂಡತಿಯದಿತ್ತು. ಲಕ್ಷ್ಮಿದೇವಿ ಒಬ್ಬಳೇ ನೀರು ಕಟ್ಟಿ, ಕಳೆ ಕಿತ್ತು ಬೆಳೆಸಿದ ಚೆಂಡುಹೂವು ಓಣಂ ಹೊತ್ತಿಗೆ ಸರಿಯಾಗಿ ಅರಳಿ ನಿಂತಿತ್ತು. ಸೋರುವ ಕೊಟ್ಟಿಗೆಗೆ ಈ ಹೂವಿನ ದುಡ್ಡಲ್ಲೇ ಹೊಸ ಶೀಟು ಹಾಕಿಸಬೇಕೆಂಬುದು ಅವಳ ಆಸೆ. ಅಷ್ಟರಲ್ಲಿ ಹರವೆಯಲ್ಲಿ ತಂಗಿಗೆ ಹೆರಿಗೆಯಾಗಿ ಅವಳು ಹೊರಡಬೇಕಾಯಿತು.

"ನಾಳ ಬೆಳಿಗ್ಗೆ ಆಳ್ಗೋಳು ಬತ್ತರ. ಹೂ ಕೀಳ್ಸಿ, ಕೇರಳದ ಲಾರಿಗ ಏರ್ಸ್ಬುಡಿ. ಇಷ್ಟು ಮಾಡಕ್ಕಾದದಾ?"

"ಏ, ಅದೇನ್ ಮಹಾ ಕೆಲ್ಸ ಬುಡಮ್ಮಿ!"

ಬೆಳಿಗ್ಗೆ ಗೋಪಾಲಸ್ವಾಮಿ ಬೆಟ್ಟದ ಮೋಡ ಸರಿದು, ಹುಣಸೆಮರಗಳ ಸಂದಿಯಿಂದ ಬಿಸಿಲು ಹೂವಿನ ಮೇಲೆ ಬಿತ್ತು. ಮೇಷ್ಟ್ರಿಗೆ ಮೈಮೇಲೆ ದೇವರು ಬಂದಂತಾಯಿತು. ಬುಟ್ಟಿ ಹಿಡಿದು ಹೊಲಕ್ಕಿಳಿದ ದೊಡ್ಡಮಾದಮ್ಮನ ಗುಂಪಿಗೆ ಕುಂಚ ಎತ್ತಿ ಅಡ್ಡ ನಿಂತರು.

"ಒಂದ್ ಹೂವೂ ಮುಟ್ಬ್ಯಾಡಿ! ನನ್ ಹಳದಿ ಕೆಟ್ಟೋಯ್ತದ. ನಾಳ ಬನ್ನಿ."

"ಲಾರಿ ನಿಂತದ ಮೇಷ್ಟ್ರೇ. ಅಕ್ಕೋರು ಬೈತರ!"

"ಲಾರಿ ನಾಳನೂ ಬತ್ತದ. ಈ ಬೆಳಕು ಬತ್ತದಾ?"

ಲಾರಿ ಪಕ್ಕದ ಹೊಲದ ಹೂವು ತುಂಬಿಕೊಂಡು ಗಡಿ ದಾಟಿತು. ಸಂಜೆಗೆ ಚಿತ್ರ ಮುಗಿಯಿತು. ಅದರ ಬೆನ್ನಿಗೇ ಹಿಡಿದ ಮಳೆ ಓಣಂ ಮುಗಿದರೂ ಬಿಡಲಿಲ್ಲ. ಹೂವೆಲ್ಲ ಗಿಡದಲ್ಲೇ ಕೊಳೆತು ಹಳದಿ ಮುದ್ದೆಯಾಯಿತು.

ಊರಿಂದ ಬಂದ ಲಕ್ಷ್ಮಿದೇವಿ ಹೊಲದ ಬದುವಿನಲ್ಲೇ ಕೂತು, ಕೊಳೆತ ಹೂವೊಂದನ್ನು ಕಿತ್ತು ನೋಡಿದಳು. ಮನೆಗೆ ಬಂದು ಚಿತ್ರದ ಮುಂದೆ ನಿಂತಳು.

"ಇದಕ್ಕೇನಾ?"

"ಅಷ್ಟ್ ಹತ್ರ ನಿಂತ್ರ ಕಾಣದಿಲ್ಲ. ದೂರದಿಂದ ನೋಡ್ಬೇಕು," ಎಂದರು ಮೇಷ್ಟ್ರು.

ಬಣ್ಣ ಒಣಗುವವರೆಗೂ ಚಿತ್ರ ಗೋಡೆಯ ಮೇಲಿತ್ತು. ಒಂದು ಸಂಜೆ ಮೇಷ್ಟ್ರು ಶಾಲೆಯಿಂದ ಬಂದರೆ ಗೋಡೆ ಖಾಲಿ! ಹಿತ್ತಲಿಗೆ ಓಡಿದರು. ಕೊಟ್ಟಿಗೆಯ ಮೇಲೆ, ಸೋರುವ ಜಾಗಕ್ಕೆ ಸರಿಯಾಗಿ, ಅವರ ಹೊಲ, ಮರ, ಬೆಳಕು ಎಲ್ಲವೂ ಅಂಗಾತ ಮಲಗಿದ್ದವು. ಗಾಳಿಗೆ ಹಾರದಂತೆ ಮೂಲೆ ಮೂಲೆಗೂ ಕಲ್ಲು ಹೇರಿತ್ತು.

"ಅಯ್ಯೋ, ಅದು ಕಲೆ ಕಣಮ್ಮಿ!"

ಲಕ್ಷ್ಮಿದೇವಿ ಹಾಲಿನ ಚೆಂಬು ಹಿಡಿದು ಕೊಟ್ಟಿಗೆಯಿಂದ ಹೊರಬಂದಳು.

"ರಸ್ತೆಗೋಗಿ ನಿಂತ್ಕಂಡು ನೋಡಿ, ಚೆಂದಾಗ್ ಕಾಣ್ತದ. ನೀವೂ ಅಷ್ಟೇಯ. ಹತ್ರದಿಂದ ನೋಡ್ದವ್ಳು ನಾನೊಬ್ಳೇ."