ಗೇಟಿಗೊಂದು ಮಗು

ರಮೀಝ್‌ಗೆ ಸಂಸಾರ ಇರಲಿಲ್ಲ. ಸಂಸಾರ ಇಲ್ಲದವರನ್ನು ಶುಕ್ರವಾರ ಆ ಕೆರೆಯ ಪಾರ್ಕಿಗೆ ಬಿಡುತ್ತಿರಲಿಲ್ಲ. ಸಂಸಾರ ಮಾಡಿಕೊಳ್ಳಲಿಕ್ಕೇ ಅವನು ಅಲ್ಲಿಗೆ ಹೋಗಬೇಕಿತ್ತು.

ಕೊಲ್ಲಿ ದೇಶದ ಒಲಾಯಾ ಪೇಟೆಯ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಆಗಿದ್ದ ಅವನಿಗೆ ನಲವತ್ತು ಹತ್ತಿರವಾಗಿತ್ತು. ಊರಿನಲ್ಲಿ ನೋಡಿದ ಹುಡುಗಿಯರ ಮನೆಯವರೆಲ್ಲ ಚಹಾ ಕೊಟ್ಟು ಕಳಿಸಿದ್ದರು. ಈಗ ಉಮ್ರಾ ಯಾತ್ರೆಗೆ ಬಂದಿದ್ದ ಬಂಟ್ವಾಳದ ಅಬ್ದುಲ್ ಖಾದಿರ್ ಹಾಜಿ ಮಗಳಿಗೆ ಗಂಡು ಹುಡುಕುತ್ತಿದ್ದರು. ಸಂಬಂಧ ತಂದವಳು ಪಕ್ಕದ ಫ್ಲ್ಯಾಟಿನ ಭಟ್ಕಳದ ರುಕಯ್ಯಾ. "ಒಳ್ಳೆ ಮನೆತನ. ಹಾಜಿಯವರು ಪಾರ್ಕಿಗೆ ಬರ್ತಾರೆ, ಉಳಿದದ್ದು ಅಲ್ಲೇ ಹೇಳ್ತೇನೆ" ಎಂದಿದ್ದಳು.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಫ್ಯಾಮಿಲಿ?"

ರುಕಯ್ಯಾಳ ಗಂಡ ಯಹ್ಯಾ ಕಾರು ನಿಲ್ಲಿಸಲು ಹೋಗಿದ್ದ. ಅವಳು ಮಗ ಫಹದ್‌ನನ್ನು ಎತ್ತಿ ರಮೀಝ್‌ನ ಎದೆಗೆ ಒತ್ತಿದಳು.

"ಹಿಡ್ಕೋ. ನಿನ್ನ ಮಗ ಅನ್ನು."

"ಭಾಬಿ, ಹಾಜಿಯವರು ನೋಡಿದ್ರೆ?"

"ಎಂತ ಹೆದರಿಕೆ ಮಾರಾಯ. ಮಗು ಕಚ್ಚುವುದಿಲ್ಲ."

ಮಗು ಕಚ್ಚಿತು. ರಮೀಝ್ ಹಾಗೇ ಒಳಗೆ ಸೇರಿಕೊಂಡ. ರುಕಯ್ಯಾ ಹಾಜಿಯವರನ್ನು ಹುಡುಕಿಕೊಂಡು ಮುಂದೆ ಹೋದಳು.

ಧೂಳು ಕವಿದ ಆಕಾಶದ ಕೆಳಗೆ ಕೆರೆ ಪಾತ್ರೆ ತೊಳೆದ ನೀರಿನಂತೆ ಬಿದ್ದಿತ್ತು. ಲಾರಿಯಲ್ಲಿ ತಂದು ಸುರಿದ ಮರಳಿನ ದಂಡೆಯಲ್ಲಿ ಸಂಸಾರಗಳು ಚಾಪೆ ಹಾಸಿ ಕೂತಿದ್ದವು. ಅದರಾಚೆ ಹಗ್ಗ ಕಟ್ಟಿದ ಮರಳುದಿಬ್ಬಗಳು, ಕಾಲಿಡಬಾರದೆಂಬ ಬೋರ್ಡು. ಕೆಳಗಿಳಿಸಿದ್ದೇ ತಡ, ಫಹದ್ ಹಗ್ಗದಡಿ ನುಸುಳಿ ದಿಬ್ಬ ಹತ್ತಿದ. ರಮೀಝ್ ಹಿಂದೆಯೇ ಓಡಿದ. ಎಡಗಾಲಿನ ಚಪ್ಪಲಿಯನ್ನು ಮರಳು ನುಂಗಿತು. ಅದೇ ಕಾವಲುಗಾರ ಸೀಟಿ ಊದುತ್ತ ಬಂದು ಇಬ್ಬರನ್ನೂ ಇಳಿಸಿದ. ಚಪ್ಪಲಿ ಹುಡುಕಲು ಬಿಡಲಿಲ್ಲ.

ಕೆಳಗೆ ಚಾಪೆಯ ಮೇಲೆ, ರುಕಯ್ಯಾಳ ಎದುರು, ಬಿಳಿ ಗಡ್ಡದ ಹಾಜಿಯವರು ಕೂತಿದ್ದರು. "ಮಗನನ್ನು ಸರಿಯಾಗಿ ಹಿಡಿದುಕೋ" ಎಂದು ಕಾವಲುಗಾರ ಅವರೆದುರೇ ಹಿಂದಿಯಲ್ಲಿ ಗದರಿದ.

ರಮೀಝ್ ಫಹದ್‌ನ ಕೈ ಬಿಟ್ಟ. "ಹಾಜಿಯವರೇ, ಇದು ನನ್ನ ಮಗು ಅಲ್ಲ. ಗೇಟು ದಾಟಲಿಕ್ಕೆ ಎತ್ತಿಕೊಂಡದ್ದು. ನನಗೆ ಮದುವೆಯೇ ಆಗಲಿಲ್ಲ."

ರುಕಯ್ಯಾ ಕಣ್ಣು ಮಿಟುಕಿಸಿದಳು. ಇನ್ನಷ್ಟು ಹೇಳು ಎಂದು ಅವನಿಗೆ ಅರ್ಥವಾಯಿತು.

"ನನಗೆ ಮಕ್ಕಳೆಂದರೇ ಆಗುವುದಿಲ್ಲ. ಬೇರೆಯವರ ಮಕ್ಕಳನ್ನಂತೂ ಹತ್ತಿರವೂ ಸೇರಿಸುವುದಿಲ್ಲ."

ಹಾಜಿಯವರು ಗಡ್ಡ ನೀವಿಕೊಂಡರು.

"ರುಕಯ್ಯಾಳ ಮಗ ಅಂತ ನನಗೆ ಗೊತ್ತುಂಟು. ನೀನು ಚಪ್ಪಲಿ ಬಿಟ್ಟು ಅವನ ಹಿಂದೆ ಓಡಿದ್ದು ನೋಡಿ, ಇವನೇ ಆದೀತು ಅಂತ ಈಗಷ್ಟೇ ಹೇಳಿದೆ."

ಅವರ ಬೆನ್ನ ಹಿಂದಿನಿಂದ ಒಬ್ಬ ಪುಟ್ಟ ಹುಡುಗಿ ಇಣುಕಿದಳು.

"ಇವಳು ಹನೀನ್. ನಿನಗೆ ಕೊಡಬೇಕೆಂದಿದ್ದ ನನ್ನ ಮಗಳ ಮಗಳು. ಇವಳ ಅಪ್ಪ ತೀರಿಹೋಗಿ ವರ್ಷ ಕಳೆಯಿತು."

ಹಾಜಿಯವರು ಮೊಮ್ಮಗಳ ಕೈ ಹಿಡಿದು ಎದ್ದರು.

"ಉಳಿದದ್ದು ಇಲ್ಲೇ ಹೇಳ್ತೇನೆ ಅಂದಿದ್ದೆನಲ್ಲ" ಎಂದಳು ರುಕಯ್ಯಾ.

ಅಷ್ಟರಲ್ಲಿ ಯಹ್ಯಾ ಕಾರು ನಿಲ್ಲಿಸಿ ಬಂದ. ಫಹದ್ "ಬಾಬಾ" ಎಂದು ಓಡಿಹೋಗಿ ಅವನ ಕಾಲು ತಬ್ಬಿದ. ಕಾವಲುಗಾರ ಯಹ್ಯಾನನ್ನು ನೋಡಿದ, ರಮೀಝ್‌ನನ್ನು ನೋಡಿದ, ಗೇಟಿನ ಕಡೆ ಬೆರಳು ತೋರಿಸಿದ.

ರಮೀಝ್ ಬಿಸಿ ಮರಳಿನ ಮೇಲೆ ಕುಂಟುತ್ತ ಹೊರಬಿದ್ದ. ಕಳೆದುಹೋದದ್ದು ಒಂದು ಚಪ್ಪಲಿ, ಒಂದು ಮದುವೆ.