ಮೂರು ಗುಂಡು ಮತ್ತು ಅರ್ಧ ಹೋಳಿಗೆ

ಅಕ್ಕನ ಆಪರೇಶನ್ನಿಗೆ ನಾನು ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನನ್ನ ಪಾಡನ್ನು ಓದಿ ನೀವು ಕನಿಕರಪಟ್ಟುಬಿಡುತ್ತೀರಿ. ಅವಳು ಇದ್ದದ್ದು ಔರಂಗಾಬಾದಿನಲ್ಲಿ. ಈಗ ಅದಕ್ಕೆ ಸಂಭಾಜಿನಗರ ಎನ್ನುತ್ತಾರೆ. ನಾನು ನಾಶಿಕದಲ್ಲಿ. ನಡುವೆ ಎಸ್‌ಟಿ ಬಸ್ಸಿನಲ್ಲಿ ಐದು ತಾಸು. ಸಾತಪುರದ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮುಂದೆ ನಿಲ್ಲುವ ನನಗೆ ರಜೆ ಸಿಗಲಿಲ್ಲವೆಂದು ಎಲ್ಲರಿಗೂ ಹೇಳಿದೆ. ರಜೆ ಸಿಕ್ಕಿತ್ತು. ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೂ ಹೋಗಿದ್ದೆ. ಔರಂಗಾಬಾದ್ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ, ಕಿಟಕಿಯ ಸೀಟು ಕೂಡ ಖಾಲಿಯಿತ್ತು. ನಾನು ಹೋಗಿ ತ್ರ್ಯಂಬಕೇಶ್ವರದ ಜೀಪು ಹತ್ತಿದೆ. ಅಲ್ಲಿ ಅಕ್ಕನಿಗಾಗಿ ದೇವರಲ್ಲಿ ಬೇಡಿಕೊಂಡೆನೆಂದು ಬರೆದರೆ ನೀವು ನಂಬುತ್ತಿದ್ದಿರಿ. ಆದರೆ ದರ್ಶನದ ಸಾಲು ಉದ್ದವಿತ್ತು. ಎರಡು ಸಾಬುದಾಣಿ ವಡೆ ತಿಂದು ಸಂಜೆಗೆ ಮನೆಗೆ ಬಂದೆ. ಕಾರ್ಖಾನೆಯ ಸಾಹೇಬ ಬಸ್‌ಸ್ಟ್ಯಾಂಡಿಗೇ ಆಳು ಕಳಿಸಿ ವಾಪಸು ಕರೆಸಿಕೊಂಡನೆಂದು ಹೆಂಡತಿ ನೀಲಾಳಿಗೆ ಹೇಳಿದೆ. ಪಾಪ, ಅವಳು ಸಾಹೇಬನನ್ನು ಬೈದಳು.

ಯಾಕೆ ಹೀಗೆ ಮಾಡಿದೆ ಎಂದರೆ, ಹೊಟ್ಟೆಕಿಚ್ಚು. ಕಸ್ತೂರಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಾನು ಏಳನೆಯ ಇಯತ್ತೆಯಲ್ಲಿ ನಪಾಸಾಗಿ ಎರಡು ಸಲ ಕೂತು ಎದ್ದೆ. ಅವಳು ಎಲ್ಲಿಯೂ ಕೂರದೆ ಬಾಗಲಕೋಟೆಯ ಕಾಲೇಜು ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸಾಗಿ ಔರಂಗಾಬಾದಿನಲ್ಲಿ ನೌಕರಿ ಹಿಡಿದಳು. ಮದುವೆಯ ಗೊಡವೆಗೆ ಹೋಗಲಿಲ್ಲ. ಮನೆಗೆ ಬಂದ ನೆಂಟರೆಲ್ಲ, "ಕಸ್ತೂರಿನ ಈ ಮನಿ ಗಂಡಮಗ ನೋಡ್ರಿ" ಎನ್ನುತ್ತಿದ್ದರು. ಆ ಮನೆಯ ನಿಜವಾದ ಗಂಡುಮಗ ಆಗ ಅವರಿಗೇ ಚಹಾ ತಂದುಕೊಡುತ್ತಿದ್ದ. ಇಂಥವಳು ರೋಗದಲ್ಲಾದರೂ ಸ್ವಲ್ಪ ಹಿಂದೆ ಬೀಳಬಹುದಲ್ಲ? ಇಲ್ಲ. ದೊಡ್ಡ ಕರುಳಿನಲ್ಲಿ ಗಡ್ಡೆ, ದೊಡ್ಡ ಆಪರೇಶನ್, ದೊಡ್ಡ ಡಾಕ್ಟರು. ಊರಿನಿಂದ ಚಿಕ್ಕಪ್ಪ ಜೋಳದ ಹಿಟ್ಟು ಹೊತ್ತುಕೊಂಡು ಹೋದ. ಬ್ಯಾಂಕಿನವರು ತಂದ ಹಣ್ಣು ಇಡಲು ಕಾಟಿನ ಪಕ್ಕ ಜಾಗವಿಲ್ಲವೆಂದು ಅವ್ವ ಫೋನಿನಲ್ಲಿ ಹೇಳಿದಳು. ಲೇತಿಗೆ ಸಿಕ್ಕಿ ನನ್ನ ಬೆರಳಿನ ತುದಿ ಹೋದಾಗ ಟಿಂಚರು ಹಚ್ಚಿ, ಫೋರ್‌ಮನ್ನನ ಬೈಗಳು ತಿಂದು ಮಾರನೆಯ ದಿನ ಡ್ಯೂಟಿಗೆ ಹೋಗಿದ್ದೆ. ಒಂದು ಬಾಳೆಹಣ್ಣೂ ಬಂದಿರಲಿಲ್ಲ. ಇದೆಲ್ಲ ಆ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆಗೇ ನೆನಪಾಗಿತ್ತು. ಆಮೇಲೆ ಅಕ್ಕ ತಾನೇ ಫೋನು ಮಾಡಿ, ಒಡಹುಟ್ಟಿದವರಿಗೂ ಇದು ಬರಬಹುದು, ನೀನೂ ಒಮ್ಮೆ ತೋರಿಸಿಕೋ ಎಂದಳು. ಕಾಯಿಲೆಯಲ್ಲೂ ನನಗೆ ಪಾಠ ಹೇಳುತ್ತಾಳಲ್ಲ ಎಂದು ಸಿಟ್ಟು ಬಂತು. ತೋರಿಸಿಕೊಳ್ಳಲಿಲ್ಲ.

ಎರಡು ವರ್ಷ ಕಳೆದು ನನ್ನ ಶೌಚದಲ್ಲಿ ರಕ್ತ ಕಂಡಿತು. ನಳಿಗೆ ಹಾಕಿ ನೋಡಿದ ಡಾಕ್ಟರು, ಅಕ್ಕನಿಗೆ ಆದದ್ದೇ ನನಗೂ ಆಗಿದೆ, ಹದಿನೈದು ದಿನದಲ್ಲಿ ಕುಯ್ಯಬೇಕು ಎಂದರು. ನಾನು ಯಾರಿಗೂ ತಿಳಿಸಬೇಡವೆಂದು ನೀಲಾಳಿಗೆ ಹೇಳಿದ್ದೆ. ಅವಳು ಅದೇ ದಿನ ಅಕ್ಕನಿಗೆ ತಿಳಿಸಿದಳು. ಮರುದಿನ ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ರಜೆ ಸಿಕ್ಕಿತ್ತು. ಆದರೆ ಅವಳು ಸರಿಯಾದ ಬಸ್ಸು ಹತ್ತಿದ್ದಳು.

ಅಂದಿನಿಂದ ನಮ್ಮ ಮನೆ ತಾಲೀಮುಖಾನೆಯಾಯಿತು. ಆಪರೇಶನ್ನಿಗೆ ಮೊದಲು ಶ್ವಾಸಕೋಶ ಗಟ್ಟಿಯಾಗಬೇಕಂತೆ. ಅದಕ್ಕೆ ಅವಳು ತನ್ನ ಹಳೆಯ ಸಾಮಾನು ತಂದಿದ್ದಳು: ಪ್ಲಾಸ್ಟಿಕ್ಕಿನ ಒಂದು ಡಬ್ಬಿ, ಒಳಗೆ ಮೂರು ಗುಂಡು, ಪಕ್ಕದಲ್ಲಿ ಒಂದು ನಳಿಗೆ. ನಳಿಗೆಯಿಂದ ಉಸಿರು ಎಳೆದರೆ ಗುಂಡುಗಳು ಒಂದರ ಹಿಂದೆ ಒಂದು ಮೇಲೇಳುತ್ತವೆ. ಅಕ್ಕ ಎಳೆದಳು. ಮೂರೂ ಎದ್ದು, ಸಾಹೇಬ ಬಂದಾಗ ನಿಲ್ಲುವ ಕೆಲಸಗಾರರ ಹಾಗೆ ನಿಂತವು. ನಾನು ಕಣ್ಣು ಕೆಂಪಾಗುವ ಹಾಗೆ ಎಳೆದೆ. ಒಂದು ಎದ್ದಿತು, ಎರಡನೆಯದು ಏಳಲೋ ಬೇಡವೋ ಎಂದು ಅರ್ಧಕ್ಕೆ ಯೋಚಿಸಿ ಕೂತುಬಿಟ್ಟಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಆಪರೇಶನ್ನಿನ ಹೆದರಿಕೆಗಿಂತ ಆ ಎರಡು ಗುಂಡುಗಳ ಸಂಕಟ ನನಗೆ ಹೆಚ್ಚಾಯಿತೆಂದರೆ ನನ್ನ ಯೋಗ್ಯತೆ ನಿಮಗೆ ತಿಳಿಯುತ್ತದೆ. ಅವಳು ಅಡುಗೆಮನೆಯಲ್ಲಿದ್ದಾಗ ಕದ್ದು ಅಭ್ಯಾಸ ಮಾಡಿದೆ. ದಿನಕ್ಕೆ ಎರಡು ಸಲ ಕಾಲೋನಿ ಸುತ್ತಿಸುತ್ತಿದ್ದಳು. ಎದುರು ಸಿಕ್ಕ ಮಂದಿ ನನ್ನನ್ನು ಬಿಟ್ಟು ಅವಳಿಗೆ, "ತಾಈ, ಕಶಾ ಆಹಾತ?" ಎಂದು ಮರಾಠಿಯಲ್ಲಿ ಕ್ಷೇಮ ಕೇಳುತ್ತಿದ್ದರು. ರೋಗಿ ನಾನು.

ಆಪರೇಶನ್ನಿನ ಹಿಂದಿನ ದಿನ ಹೊಟ್ಟೆ ಪೂರ್ತಿ ಖಾಲಿಯಾಗಬೇಕು. ಅನ್ನ, ರೊಟ್ಟಿ, ಹಾಲು ಏನೂ ಇಲ್ಲ, ತಿಳಿಯಾದದ್ದು ಮಾತ್ರ. ಗ್ಲಾಸಿನ ಕೆಳಗಿಟ್ಟ ಪೇಪರಿನ ಅಕ್ಷರ ಓದಲು ಬರಬೇಕೆಂದು ನರ್ಸಬಾಯಿ ಹೇಳಿದ್ದಳು. ನೀಲಾ ಬಹಳ ಯೋಚಿಸಿ, ಎಲ್ಲಕ್ಕಿಂತ ತಿಳಿಯಾದದ್ದು ಕಟ್ಟಿನ ಸಾರೆಂದು ನಿರ್ಧರಿಸಿದಳು. ಕಟ್ಟೆಂದರೆ ಹೋಳಿಗೆಯ ಕಡಲೆಬೇಳೆ ಬೇಯಿಸಿ ಬಸಿದ ನೀರು. ಅಕ್ಕ ಅದನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿ, ಗ್ಲಾಸನ್ನು ಮರಾಠಿ ಪೇಪರಿನ ಮೇಲಿಟ್ಟು ಓದಿ ನೋಡಿ ಪಾಸು ಮಾಡಿದಳು. ಹತ್ತು ಗಂಟೆಗೆ ನಾನು ಅದನ್ನು ಕುಡಿಯುತ್ತಿದ್ದಾಗ ಅಡುಗೆಮನೆಯಿಂದ ಏಲಕ್ಕಿಯ ವಾಸನೆ ಬಂತು. ಇದೇನೆಂದು ಕೇಳಿದೆ.

"ಕಟ್ಟು ಬೇಕಂದ್ರ ಬ್ಯಾಳಿ ಕುದಸಬೇಕಲ್ರಿ. ಕುದಿಸಿದ ಬ್ಯಾಳಿ ಏನ್ ಚೆಲ್ಲಾಕ ಬರ್ತೈತೇನು?" ಎಂದಳು ನೀಲಾ. ಹೀಗೆ ನನ್ನ ಉಪವಾಸದ ದಿನ ನಮ್ಮ ಮನೆಯಲ್ಲಿ ಹೋಳಿಗೆಯಾಯಿತು.

ಅಕ್ಕ ನನ್ನೆದುರಿಗೇ ತುಪ್ಪ ಹಾಕಿಸಿಕೊಂಡು ಎರಡು ತಿಂದಳು. ನಾನು ನೋಡುವುದನ್ನು ನೋಡಿ, "ನಂದು ಆಗಿ ಹೋಗೇತಿ, ತಮ್ಮಾ. ನಿಂದು ಇನ್ನ ಆಗಬೇಕೈತಿ" ಎಂದಳು. ಬಾಗಲಕೋಟೆಯ ಅಂಗಳದಿಂದ ಹಿಡಿದು ಅವತ್ತಿನವರೆಗೆ ಅವಳ ತಟ್ಟೆಯನ್ನು ನೋಡುತ್ತ ಬಂದಿದ್ದ ನನಗೆ ತಡೆಯಲಾಗಲಿಲ್ಲ. ಅಕ್ಕ, ನೀಲಾ ಇಬ್ಬರೂ ಹಿಂದಿನ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಹೋಳಿಗೆಯ ಡಬ್ಬಿಯಿಂದ ಒಂದು ತೆಗೆದೆ. ಅರ್ಧ ತಿನ್ನುವಷ್ಟರಲ್ಲಿ ಹೆಜ್ಜೆಯ ಸಪ್ಪಳವಾಯಿತು. ಉಳಿದರ್ಧ ಅಂಗಿಯ ಕಿಸೆಗೆ ಹೋಯಿತು.

ಮಧ್ಯಾಹ್ನ ಔಷಧ ಶುರುವಾಯಿತು. ಎರಡು ಲೀಟರ್ ನೀರಿನಲ್ಲಿ ಕದಡಿದ ಪುಡಿ. ಉಪ್ಪು ಲಿಂಬೆಹಣ್ಣಿನ ಜೊತೆ ಜಗಳವಾಡಿದಂಥ ರುಚಿ. ಕಾಲು ತಾಸಿಗೊಂದು ಗ್ಲಾಸು. ಮೂರನೆಯ ಗ್ಲಾಸಾದ ಮೇಲೆ ನಾನು ಶೌಚದ ಮನೆಯಲ್ಲೇ ಬಿಡಾರ ಹೂಡಿದೆ. ಅಕ್ಕ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು, ಪ್ರತಿ ಸಲವೂ ಬಣ್ಣ ಕೇಳುತ್ತಿದ್ದಳು. ಹಳದಿ ಎಂದರೆ ಲಿಂಬೆಯ ಹಳದಿಯೋ ಅರಿಶಿಣದ ಹಳದಿಯೋ ಎಂದು ವಿಚಾರಣೆ. ಕೊನೆಗೆ ಬರೀ ನೀರಿನ ಹಾಗೆ ಬರಬೇಕಂತೆ. ಔಷಧ ಮುಗಿದರೂ ನನ್ನದು ಬರಲಿಲ್ಲ.

"ಖರೇ ಹೇಳು, ಏನರ ತಿಂದಿಯೇನು?"

ಇಲ್ಲವೆಂದೆ. ಹೊರಗೆ ಅವಳು ಸ್ಟೂಲನ್ನು ಬಾಗಿಲ ಹತ್ತಿರ ಎಳೆದುಕೊಂಡಳು. ಆಮೇಲೆ ಅವಳು ಸಣ್ಣ ದನಿಯಲ್ಲಿ ಬಾಗಿಲಿಗೆ ಹೇಳುವ ಹಾಗೆ ಹೇಳಿದಳು.

"ನನಗೂ ಭಾಳ ಅಂಜಿಕಿ ಇತ್ತು, ಮಲ್ಲ್ಯಾ. ಮೂರು ತಿಂಗಳ ಹೊಟ್ಟಿ ಮ್ಯಾಲೆ ಚೀಲ ಕಟ್ಟಿದ್ರು. ಅದರಾಗ ಎಲ್ಲಾ ಹೊರಗ ಬರೂದು. ನಾ ಯಾರಿಗೂ ಹೇಳಿಲ್ಲ. ಆಪರೇಶನ್ ಮುಂಜಾನೆ ಫಾರ್ಮಿಗೆ ಮನಿಯವರ ಸಹಿ ಬೇಕಂದ್ರು. ನಮ್ಮ ತಮ್ಮ ಬರ್ತಾನ ಅಂತ ಡಾಕ್ಟರನ್ನ ಒಂದ್ ತಾಸ ನಿಲ್ಲಿಸಿದ್ದೆ. ಆಮ್ಯಾಲೆ ಅವ್ವ ಹೆಬ್ಬಟ್ಟ ಒತ್ತಿದಳು. ನಿನಗ ರಜಾನ ಸಿಗಲಿಲ್ಲ, ನೀ ಏನ್ ಮಾಡ್ತಿ."

ಹಣ್ಣಿನ ಬುಟ್ಟಿಯ ಸುದ್ದಿ ಕೇಳಿ ಹೊಟ್ಟೆ ಉರಿಸಿಕೊಂಡವನಿಗೆ ಅದರ ಪಕ್ಕದ ಚೀಲ ಕಂಡಿರಲಿಲ್ಲ. ಕಾಣಲು ನಾನು ಅಲ್ಲಿಗೆ ಹೋಗಿರಲೂ ಇಲ್ಲ. ಬಾಗಿಲು ತೆರೆಯುವ ಧೈರ್ಯವಾಗದೆ ಒಳಗಿನಿಂದಲೇ, "ಅರ್ಧ ಹೋಳಿಗಿ ತಿಂದೇನಿ" ಎಂದೆ.

"ಇನ್ನರ್ಧ?"

"ಕಿಸೆದಾಗೈತಿ."

ಅವಳು ನಗಲಿಲ್ಲ, ಬೈಯಲೂ ಇಲ್ಲ. ಆಸ್ಪತ್ರೆಗೆ ಫೋನು ಹಚ್ಚಿ ಕೇಳಿದಳು. ಇನ್ನೊಂದು ಲೀಟರ್ ಕುಡಿಸಿ, ಸಂಜೆ ಭರ್ತಿ ಮಾಡಿರೆಂದರಂತೆ. ಹೇಳಿದ್ದು ಒಳ್ಳೆಯದಾಯಿತು, ಮುಚ್ಚಿಟ್ಟಿದ್ದರೆ ಟೇಬಲ್ಲಿನ ಮೇಲೆ ತೊಂದರೆಯಾಗುತ್ತಿತ್ತೆಂದೂ ಹೇಳಿದರಂತೆ. ಕುಡಿದೆ. ಐದು ಗಂಟೆಗೆ ಬಣ್ಣ ಪಾಸಾಯಿತು.

ಆಸ್ಪತ್ರೆಯಲ್ಲಿ ನರ್ಸಬಾಯಿ ನನ್ನನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಚೀಲ ಬೇಕಾದರೆ ಇರಲೆಂದು ಹೊಟ್ಟೆಯ ಬಲಕ್ಕೆ ಪೆನ್ನಿನಿಂದ ಗುರುತು ಹಾಕಿದಳು. ಆಮೇಲೆ ಫಾರ್ಮು ಬಂತು. ನಾನು ನನ್ನ ಜಾಗದಲ್ಲಿ ವಕ್ರವಕ್ರವಾಗಿ ಸಹಿ ಮಾಡಿದೆ. ಸಂಬಂಧಿಕರ ಜಾಗವನ್ನು ನರ್ಸಬಾಯಿ ಬೆರಳಿಟ್ಟು ತೋರಿಸಿದಳು. ನೀಲಾ ಅಕ್ಕನ ಕಡೆ ನೋಡಿದಳು. ಅಕ್ಕ ಚಸ್ಮಾ ಹಾಕಿಕೊಂಡು, ಬ್ಯಾಂಕಿನಲ್ಲಿ ಓದುವ ಹಾಗೆ ಫಾರ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಪೆನ್ನು ತೆಗೆದಳು. ಒಂದು ತಾಸೇನು, ಒಂದು ನಿಮಿಷವೂ ನಾನು ಅವಳಿಗಾಗಿ ಕಾಯಬೇಕಾಗಲಿಲ್ಲ. ನಾನು ಅವಳ ಕೈ ಹಿಡಿದೆ.

"ಸಹಿ ಮಾಡಬ್ಯಾಡ. ಮೊದಲ ಒಂದು ಹೇಳೂದೈತಿ."

ಅಕ್ಕ ಚಸ್ಮಾದ ಮೇಲಿಂದ ನೋಡಿದಳು. ಅವಳ ಕಣ್ಣು ನೇರವಾಗಿ ನನ್ನ ಕಿಸೆಗೆ ಹೋಯಿತು.

"ಮತ್ತೇನ್ ತಿಂದ್ಯೋ?"

"ತಿಂದಿಲ್ಲಕ್ಕಾ. ಆವಾಗ ನನಗ ರಜಾ ಸಿಕ್ಕಿತ್ತು. ಬಸ್‌ಸ್ಟ್ಯಾಂಡಿಗೂ ಬಂದಿದ್ದೆ. ನಿನ್ನ ಬಸ್ ಬಿಟ್ಟು ತ್ರ್ಯಂಬಕದ ಜೀಪ್ ಹತ್ತಿದೆ. ಎಲ್ಲಾರೂ ನಿನ್ನ ನೋಡಾಕ ಬರ್ತಾರಲ್ಲ ಅಂತ ಹೊಟ್ಟಿಕಿಚ್ಚಿಗೆ ಬರಲಿಲ್ಲ. ತಪ್ಪಾತು, ಅಕ್ಕಾ."